ಚಕ್ಕುಲಿ ಮಾಳದ ನಾಲ್ಕನೇ ಸುತ್ತು

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ವನರಕ್ಷಕರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ಪದವಿ ಓದಿದವರು. ನಾನು ಓದಿದ್ದು ಏಳನೇ ಇಯತ್ತೆ. ಆದರೂ ಅವರು ಹೊರಸಿನ ಅಂಚಿನಲ್ಲಿ ಕೂತು, ನಾನೊಬ್ಬ ಪಂಡಿತನೆಂಬಂತೆ ಕೇಳಿದರು.

"ಕಾಕಾ, ನಕಾಶೆದಾಗ ಒಂದು ಜಾಗಾಕ್ಕ ಚಕ್ಕುಲಿ ಮಾಳ ಅಂತ ಐತಲ್ರಿ. ಆ ಹೆಸರು ಯಾಕ ಬಂತ್ರಿ?"

"ಹಿಂದ ಅಲ್ಲಿ ಒಬ್ಬಾಕಿ ಮುದುಕಿ ಚಕ್ಕುಲಿ ಮಾಡಿ ಮಾರ್ತಿದ್ದಳವಾ," ಅಂದೆ.

ಹುಡುಗಿ ಆಗಲೇ ಅದನ್ನು ಫೋನಿನಲ್ಲಿ ಬರೆದುಕೊಂಡಳು. "ಮುದುಕಿ ಹೆಸರೇನ್ರಿ?"

"ಗಂಗವ್ವ."

ಅವರು ಚಹಾ ಕುಡಿದು ಹೋದ ಮೇಲೆ ನನಗೆ ಯೋಚನೆ ಹತ್ತಿತು. ಸುತ್ತ ಒಂದು ಮನೆಯೂ ಇಲ್ಲದ ಮಾಳದಲ್ಲಿ ಗಂಗವ್ವ ಚಕ್ಕುಲಿಯನ್ನು ಯಾರಿಗೆ ಮಾರುತ್ತಿದ್ದಳು, ತೋಳಗಳಿಗಾ? ಫೋನಿನೊಳಗೆ ಹೋದ ಸುಳ್ಳು ನಾಳೆ ಖರೆಯಾಗುತ್ತದೆ. ಮುಂದೆ ಯಾರಾದರೂ ಅಲ್ಲಿ ಗಂಗವ್ವನ ಕಟ್ಟೆ ಕಟ್ಟಿಸಿದರೂ ಕಟ್ಟಿಸಿದರೇ.

ಗಂಗವ್ವ ಎಂಬುವಳು ಇರಲೇ ಇಲ್ಲ. ಮಾಳಕ್ಕೆ ಚಕ್ಕುಲಿ ಎಂಬ ಹೆಸರು ಬಂದದ್ದು ನನ್ನಿಂದ. ಅದನ್ನು ಹೇಳಬೇಕೆಂದರೆ ನನ್ನ ತಮ್ಮ ಮಲ್ಲುವಿಗೆ ನಾನು ಮಾಡಿದ ಮೋಸವನ್ನೂ ಹೇಳಬೇಕು. ಹದಿನೈದು ವರ್ಷದಿಂದ ಅವನಿಗೆ ಹೇಳಿಲ್ಲ. ಎದುರಿಗೆ ನಿಂತು ಹೇಳುವ ಧೈರ್ಯ ಈಗಲೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೂ ಅದೇ ಕಾರಣ. ನಾನು ಕಲಿತದ್ದು ಊರಿನ ಕನ್ನಡ ಸಾಲಿ. ನನ್ನ ಓದು ಏಳಕ್ಕೆ ನಿಂತದ್ದು ನೋಡಿ ನಮ್ಮಪ್ಪ ಮಲ್ಲುವನ್ನು ಮರಾಠಿ ಸಾಲಿಗೆ ಹಾಕಿದ. ಮನೆಯೊಳಗೆ ಮಾತೆಲ್ಲ ಕನ್ನಡವೇ, ಆದರೆ ಅಕ್ಷರ ಅವನಿಗೆ ಬಾರದು. ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಕನ್ನಡ ಬೋರ್ಡಿನ ಬಸ್ಸು ಬಂದರೆ "ಅಣ್ಣಾ, ಇದೇನ್ ಬರದಾರ ನೋಡು" ಎಂದು ನನ್ನನ್ನೇ ಕರೆಯುತ್ತಾನೆ. ಹೊಸದಾಗಿ ಈ ಕೆಲಸಕ್ಕೆ ಬರುವವರಲ್ಲಿ ಕನ್ನಡ ಓದಬಲ್ಲವರು ಓದಿರಿ. ಮಲ್ಲುವಿಗೆ ತೋರಿಸಬೇಡಿ.

ಮೊದಲು ಕೆಲಸದ ಸಂಗತಿ ಹೇಳುತ್ತೇನೆ.

ನಮ್ಮ ಅಡವಿಯ ಮೊದಲ ಕಷ್ಟವೆಂದರೆ ಅದರಲ್ಲಿ ಗಿಡ ಇಲ್ಲ. ಚಪಳಗಾಂವ ದಾಟಿ ಮುಂದೆ ಹೋದರೆ ಬರೀ ಬಯಲು, ಮೊಣಕಾಲುದ್ದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಸರಕಾರಿ ಕಾಗದದಲ್ಲಿ ಅದು ಅಡವಿ. ಚಿಗರಿ, ತೋಳ, ನೆಲದ ಮೇಲೆ ತತ್ತಿ ಇಡುವ ನಾಲ್ಕೈದು ಜಾತಿಯ ಹಕ್ಕಿಗಳು, ಇವರಿಗೂ ಅದು ಅಡವಿ. ಉಳಿದ ಯಾರಿಗೂ ಅಲ್ಲ. ಜೀಪು ತಂದು ಹುಲ್ಲಿನ ಮೇಲೆ ಓಡಿಸಿದವನನ್ನು ಹಿಡಿದರೆ ಅವನು ನನಗೇ ಕೇಳುತ್ತಿದ್ದ.

"ಅಡವಿ ಎಲ್ಲೈತಿ ತೋರಸ್ರಿ ಸಾಹೇಬ್ರ. ತೋರಸಿದ್ರ, ಹೊಕ್ಕೀನಿ ಅಂತ ಒಪ್ಕೋತೀನಿ."

"ನೀನು ನಿಂತದ್ದೇ ಅಡವಿ."

"ಇದು ಅಡವಿ ಆದ್ರ ನಮ್ಮ ಮನಿ ಅಂಗಳಾನೂ ಅಡವೀನ ಆತಲ್ರಿ. ಅಲ್ಲಿ ಇದಕ್ಕಿಂತ ಹೆಚ್ಚು ಗಿಡ ಅದಾವ."

ಬಯಲು ಕಂಡರೆ ಗಾಡಿ ಇದ್ದವರ ಕಾಲು ತುರಿಸುತ್ತದೆ. ಮಂದಿಯನ್ನು ತುಂಬಿಕೊಂಡು ಓಡುವ ಜೀಪುಗಳು, ಅವಕ್ಕೆ ನಮ್ಮ ಕಡೆ ವಡಾಪ ಅನ್ನುತ್ತಾರೆ, ಪೊಲೀಸರ ಕಣ್ಣು ತಪ್ಪಿಸಲು ಮಾಳದೊಳಗಿಂದ ಹಾಯುತ್ತಿದ್ದವು. ಟ್ರ್ಯಾಕ್ಟರುಗಳು ಸುತ್ತು ಹಾಕಿ ಹೋಗಲು ಬೇಸರವಾಗಿ ಹಾಯುತ್ತಿದ್ದವು. ಸೊಲ್ಲಾಪುರದ ಹುಡುಗರು ಕಾರಣವೇ ಇಲ್ಲದೆ ಹಾಯುತ್ತಿದ್ದರು. ಒಂದು ಗಾಲಿ ಹೋದಲ್ಲಿ ಎರಡು ಮೂರು ವರ್ಷ ಹುಲ್ಲು ಏಳುವುದಿಲ್ಲ. ಒಬ್ಬ ಹೋದ ಗುರುತು ಕಂಡರೆ ಮುಂದಿನವನು ಅದನ್ನೇ ರಸ್ತೆ ಅನ್ನುತ್ತಾನೆ. ನಮ್ಮ ಇಡೀ ಕೆಲಸ ಆ ಮೊದಲಿನವನನ್ನು ತಡೆಯುವುದು.

ಮೊದಲಿಗೆ ಬೋರ್ಡು ಹಾಕಿದೆವು. ವಾಹನಗಳಿಗೆ ಪ್ರವೇಶವಿಲ್ಲ ಎಂದು ಮರಾಠಿಯಲ್ಲಿ, ಕೆಂಪಕ್ಷರದಲ್ಲಿ. ಕಬ್ಬಿಣದ ಆ ಬೋರ್ಡನ್ನು ಮಾಳದ ನಡುವೆ ನೆಡಬೇಕೆಂದು ಹುಕುಂ ಬಂತು. ಹೊತ್ತು ತರಲು ಆಗದೆ ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಹೋದೆವು. ಅಲ್ಲಿಯ ತನಕ ಒಂದು ಗಾಲಿಯ ಗುರುತೂ ಇಲ್ಲದ ಜಾಗ ಅದು. ಬೋರ್ಡು ನೆಟ್ಟು ತಿರುಗಿ ನೋಡಿದರೆ ಅಲ್ಲಿಯ ತನಕ ಚಂದದ ದಾರಿಯಾಗಿತ್ತು. ಒಂದು ವಾರದಲ್ಲಿ ಎಲ್ಲರೂ ಅದೇ ದಾರಿಯಲ್ಲಿ ಬಂದು ಬೋರ್ಡು ಓದಿ ಹೋಗತೊಡಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಬೋರ್ಡೇ ಹೋಯಿತು. ಆಡು ಸಾಕಿದ ಒಬ್ಬರ ದೊಡ್ಡಿಯ ಬಾಗಿಲಿಗೆ ಅದು ಕೂತದ್ದನ್ನು ನಾನೇ ಕಂಡೆ. ಆ ದೊಡ್ಡಿಗೆ ಮಾತ್ರ ಯಾವ ವಾಹನವೂ ಹೊಕ್ಕಿಲ್ಲ.

ಆಮೇಲೆ ಚರ ತೋಡಿದೆವು. ಮಾಳದ ಅಂಚಿಗೆ ಉದ್ದಕ್ಕೆ ಅಗೆದ ತಗ್ಗು. ಅಂದಿನ ನಮ್ಮ ಸಾಹೇಬರಿಗೆ ಆ ಚರದ ಮೇಲೆ ಬಹಳ ಅಭಿಮಾನ. "ಈಗ ಯಾವ ಮಗ ದಾಟತಾನ ನೋಡ್ತೀನಿ," ಎಂದು ನೋಡಲು ಸ್ವತಃ ಜೀಪಿನಲ್ಲಿ ಬಂದರು. ಚರ ಎಲ್ಲಿ ಮುಗಿಯುತ್ತದೆ ಎಂದು ಅವರಿಗಿಂತ ಚೆನ್ನಾಗಿ ಕುರಿಗಾರರಿಗೆ ಗೊತ್ತಿತ್ತು. ಚರದೊಳಗೆ ಮೂತಿ ಕೆಳಗೆ ಮಾಡಿ ನಿಂತ ಅವರ ಜೀಪನ್ನು ಹೊರಗೆ ಎಳೆಯಲು ನಾನು ಒಂದು ಟ್ರ್ಯಾಕ್ಟರ್ ಕರೆತಂದೆ. ಹಿಂದಿನ ವಾರ ಮಾಳದೊಳಗೆ ಹಾಯ್ದದ್ದಕ್ಕೆ ನಾವು ಹಿಡಿದಿದ್ದ ಟ್ರ್ಯಾಕ್ಟರೇ ಅದು. ಅದರ ಮಾಲಕ ಹಗ್ಗ ಕಟ್ಟುವ ಮೊದಲು ಸಾವಕಾಶ ಕೇಳಿದ: "ಸಾಹೇಬ್ರ, ಒಳಗ ಬರಲ್ಯೋ ಬ್ಯಾಡೋ? ಬೋರ್ಡಿನ್ಯಾಗ ಬ್ಯಾಡ ಅಂತ ಇತ್ತು."

ಇದರಿಂದ ಕಲಿತದ್ದು ಏನೆಂದರೆ, ಗಾಡಿಯ ಬೆನ್ನು ಹತ್ತಿ ಓಡಬಾರದು, ಅದು ಹೊರಬೀಳುವ ಜಾಗದಲ್ಲಿ ಕೂತು ತಂಬಾಕು ತಿಕ್ಕುತ್ತಿರಬೇಕು. ಬಯಲಿನಲ್ಲಿ ಎಷ್ಟು ಕುಣಿದರೂ ಮನುಷ್ಯ ಊಟದ ಹೊತ್ತಿಗೆ ಹೊರಬೀಳುತ್ತಾನೆ.

ಆ ಸಾಹೇಬರ ನಂತರ ವಿದರ್ಭದ ಕಡೆಯಿಂದ ಇನ್ನೊಬ್ಬರು ಬಂದರು. ಅಲ್ಲಿ ಅವರು ಹುಲಿಯ ಹೆಜ್ಜೆಗಳನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಯಾವ ಹುಲಿ ಯಾವುದು ಎಂದು ಗುರುತಿಸುವುದರಲ್ಲಿ ಎತ್ತಿದ ಕೈ. ವರ್ಗವಾಗಿ ಬರುವಾಗ ಎರಡು ಚೀಲ ಪ್ಲಾಸ್ಟರ್ ಜೊತೆಗೇ ತಂದಿದ್ದರು. ಇಲ್ಲಿ ಹುಲಿಯೆಲ್ಲಿ? ಪಾಪ, ಆ ಚೀಲಗಳು ಆಫೀಸಿನ ಮೂಲೆಯಲ್ಲಿ ಕೂತಿದ್ದವು, ಅವರು ದಿನಾ ಅವನ್ನು ನೋಡಿ ಉಸಿರು ಬಿಡುತ್ತಿದ್ದರು. ನಾವು ಅವರಿಗೆ ಪ್ಲಾಸ್ಟರ್ ಸಾಹೇಬರು ಎಂದು ಹೆಸರಿಟ್ಟೆವು. ಒಳ್ಳೆಯ ಮನುಷ್ಯ. ಅವರ ಮಾತೆಲ್ಲ ಮರಾಠಿ, ಅದನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ "ತಾವು" ಬಿಡುತ್ತಿರಲಿಲ್ಲ.

ಒಂದು ದಿನ ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು: ಗಸ್ತಿಗೆ ಹೊಸ ವಾಹನ ಮಂಜೂರಾಗಿದೆ, ಗಾಡಿ ಓಡಿಸಲು ಯಾರಿಗೆ ಬರುತ್ತದೆ?

ನಾನು ಕೈ ಎತ್ತಿದೆ.

ಸ್ಟೇರಿಂಗು ಮುಟ್ಟಿಯೂ ಗೊತ್ತಿಲ್ಲದ ನಾನು ಕೈ ಎತ್ತುತ್ತೇನೆಂದು ಎತ್ತುವ ತನಕ ನನಗೂ ಗೊತ್ತಿರಲಿಲ್ಲ. ಆದರೆ ಕಾರಣ ಇತ್ತು. ನನಗಿಂತ ಎಂಟು ವರ್ಷ ಚಿಕ್ಕವನಾದ ಮಲ್ಲು ಆಗ ವಡಾಪ ಜೀಪು ಇಟ್ಟಿದ್ದ. ಊರೆಲ್ಲ ಅವನಿಗೆ "ಡ್ರೈವರ್ ಸಾಹೇಬ" ಅನ್ನುತ್ತಿತ್ತು. ನಾನು ಖಾಕಿ ಹಾಕಿದವ, ಸರಕಾರಿ ಮನುಷ್ಯ, ನನಗೆ "ಜಾಲಿ ಕಾಯಾಂವ" ಅನ್ನುತ್ತಿದ್ದರು. ನಮ್ಮವ್ವ ಕೂಡ ಮಲ್ಲುವಿನ ಜೀಪಿನ ಮುಂದಿನ ಸೀಟಿನಲ್ಲಿ ಕೂತು ನನ್ನ ಪಕ್ಕದಿಂದಲೇ ಹಾಯುವಾಗ, "ನಡೀ ಭೀಮಶಾ, ನಡದ್ರ ಆರೋಗ್ಯಕ್ಕ ಚಲೋ," ಎಂದು ಕೈ ಬೀಸಿ ಹೋಗುತ್ತಿದ್ದಳು.

ಸಾಹೇಬರು ನನ್ನ ಎತ್ತಿದ ಕೈ ನೋಡಿ ಸಂತೋಷಪಟ್ಟರು. "ಸೋಮವಾರ ತಮ್ಮ ಡ್ರೈವಿಂಗ್ ನೋಡೋಣ," ಅಂದರು. ಅಂದು ಶುಕ್ರವಾರ.

ಮಲ್ಲುವನ್ನೇ ಕೇಳಿದ್ದರೆ ಒಂದು ತಾಸಿನಲ್ಲಿ ಕಲಿಸುತ್ತಿದ್ದ. ಕೇಳಲು ಮನಸ್ಸಾಗಲಿಲ್ಲ. ಶನಿವಾರ ಅವನು ಹೆಂಡತಿಯ ಕಡೆಯ ಮದುವೆಗೆಂದು ಮಂಗಳವೇಢೆಗೆ ಹೋದ. ಜೀಪು ಒಯ್ದರೆ ಬರುವಾಗ ಬೀಗರು ಹನ್ನೆರಡು ಮಂದಿ ಹತ್ತುತ್ತಾರೆಂದು ಹೆದರಿ ಎಸ್‌ಟಿ ಬಸ್ಸಿನಲ್ಲಿ ಹೋದ. ಜೀಪಿನ ಕೀಲಿ ಎಂದಿನಂತೆ ಅವನ ಪಡಸಾಲೆಯ ಮೊಳೆಗೆ ನೇತಾಡುತ್ತಿತ್ತು.

ಆಗ ಬೇಸಗೆ. ಹಿಂದಿನ ದಿನ ಒಂದು ಅಡ್ಡಮಳೆ ಹೊಡೆದು ನೆಲ ಮೆತ್ತಗಾಗಿತ್ತು. ಬೆಳಿಗ್ಗೆ ಅವನ ಬಸ್ಸು ಹೋದದ್ದೇ ಜೀಪು ತೆಗೆದುಕೊಂಡು, ಬಿಟ್ಟು ಹಿಡಿದು, ಕೆಮ್ಮಿಸಿ ಕುಣಿಸಿ, ಮಾಳದ ನಡುವೆ ಹೋದೆ. ಮಾಳವನ್ನೇ ಯಾಕೆ ಆರಿಸಿದೆನೆಂದರೆ ಅಲ್ಲಿ ಯಾರೂ ನೋಡುವುದಿಲ್ಲ. ಅಲ್ಲಿ ನೋಡಬೇಕಾದ ಮನುಷ್ಯ ನಾನೇ.

ನಡುವೆ ಹೋದದ್ದೇ ಸ್ಟೇರಿಂಗು ಬಲಕ್ಕೆ ತಿರುಗಿತು. ಅದನ್ನು ಮರಳಿ ನೆಟ್ಟಗೆ ತರುವುದು ಹೇಗೆಂದು ತಿಳಿಯಲಿಲ್ಲ, ತಿಳಿಯುವಷ್ಟರಲ್ಲಿ ಒಂದು ಸುತ್ತು ಆಗಿತ್ತು. ಮೊದಲ ಸುತ್ತಿನಲ್ಲಿ ನನ್ನ ಖಾಕಿ ಟೊಪ್ಪಿಗೆ ಹಾರಿ ಬಿತ್ತು. ಎರಡನೇ ಸುತ್ತಿನಲ್ಲಿ ಬಿದ್ದ ಟೊಪ್ಪಿಗೆ ಕಂಡಿತು. ಮೂರನೇ ಸುತ್ತಿನಲ್ಲಿ ಗಾಡಿ ಅದರ ಮೇಲೇ ಹೋಯಿತು. ಆಮೇಲೆ ಎಂಜಿನ್ನು ನನ್ನ ಮೇಲೆ ಕರುಣೆ ಬಂದು ತಾನಾಗಿಯೇ ನಿಂತಿತು. ನಾನು ಇಳಿದು ಸ್ವಲ್ಪ ಹೊತ್ತು ನೆಲ ಹಿಡಿದು ಕೂತೆ, ನೆಲ ಇನ್ನೂ ತಿರುಗುತ್ತಿತ್ತು. ಹೇಗೋ ಜೀಪನ್ನು ಮಲ್ಲುವಿನ ಮನೆಗೆ ತಂದು ಇದ್ದಲ್ಲೇ ನಿಲ್ಲಿಸಿದೆ. ಟೊಪ್ಪಿಗೆಯ ನೆನಪಾದದ್ದು ರಾತ್ರಿ ಉಣ್ಣುವಾಗ.

ಅಂದು ಸಂಜೆ ಮಲ್ಲು ಮಂಗಳವೇಢೆಯಿಂದ ಬಂದವನು, ಕತ್ತಲಾಗುವ ಹೊತ್ತಿಗೆ ನಮ್ಮ ಮನೆಗೆ ಮದುವೆಯ ಲಾಡು ಕೊಡಲು ಬಂದ. ಮುಖದ ತುಂಬ ನಗು. ಊಟ ಚಲೋ ಆಗಿರಬೇಕು ಅಂದುಕೊಂಡೆ.

ಮರುದಿನ ಐತವಾರ. ಬೆಳಿಗ್ಗೆ ಎದ್ದು ಟೊಪ್ಪಿಗೆ ಹುಡುಕಲು ಮಾಳಕ್ಕೆ ಓಡಿದೆ. ಟೊಪ್ಪಿಗೆ ಇರಲಿಲ್ಲ, ಗಾಳಿ ಹಾರಿಸಿಕೊಂಡು ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಇದ್ದವರು ಪ್ಲಾಸ್ಟರ್ ಸಾಹೇಬರು. ರಜೆಯ ದಿನವೂ ಹಕ್ಕಿ ನೋಡಲು ಬರುವ ಚಟ ಅವರಿಗೆ. ಮಾಳದ ನಡುವೆ ಕೈ ಬೆನ್ನಿಗೆ ಕಟ್ಟಿ ನಿಂತಿದ್ದರು.

"ಬನ್ನಿ ಭೀಮಶಾ," ಅಂದರು. "ನಮಗೆ ಹುಲಿ ಸಿಕ್ಕಿದೆ."

ಅವರೇ ಟೇಪು ಹಿಡಿದು ಅಳೆದರು, ನಾನು ಇನ್ನೊಂದು ತುದಿ ಹಿಡಿದೆ. ನನ್ನ ತಪ್ಪಿನ ಅಳತೆಯನ್ನು ನಾನೇ ತೆಗೆಯುತ್ತಿದ್ದೆ. ಅಳೆದು ಮುಗಿಸಿ ಅವರು, "ನಾಲ್ಕು ಸುತ್ತು," ಅಂದರು.

ನನ್ನ ಲೆಕ್ಕಕ್ಕೆ ಮೂರು. ಟೊಪ್ಪಿಗೆ ಸಾಕ್ಷಿ. ಆದರೆ ನೆಲದ ಮೇಲೆ ನಾಲ್ಕು ಇದ್ದದ್ದು ಖರೆ. ಮೂರು ಒಂದರೊಳಗೊಂದು ಸಿಕ್ಕಿಕೊಂಡು, ಅಚ್ಚಿನಿಂದ ಜಾರಿಬಿದ್ದ ಚಕ್ಕುಲಿಯಂತಿದ್ದವು. ನಾಲ್ಕನೇದು ಅವುಗಳ ಹೊರಗೆ, ಕೈವಾರ ಇಟ್ಟು ಎಳೆದಷ್ಟು ದುಂಡಗೆ.

ಸಾಹೇಬರು ಅದರ ಸುತ್ತ ನಡೆದು ತಲೆದೂಗಿದರು. "ಇಬ್ಬರಿದ್ದಾರೆ. ಮೊದಲ ಮೂರು ಸುತ್ತು ಹಾಕಿದವನು ಕುಡಿದಿದ್ದಾನೆ, ಇಲ್ಲವೆ ಅವನಿಗೆ ಕಣ್ಣಿಲ್ಲ. ಈ ನಾಲ್ಕನೆಯವನು ಉಸ್ತಾದ."

ಹೆದರಿದವನ ಲೆಕ್ಕ ತಪ್ಪುತ್ತದೆ, ನಾಲ್ಕೂ ನನ್ನವೇ ಇರಬೇಕು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಕೊನೆಗೆ ಕಲಿತೆನಲ್ಲ ಎಂದು.

ಆ ಹೆಮ್ಮೆ ಹತ್ತು ಹೆಜ್ಜೆಯ ತನಕ ಇತ್ತು. ಸಾಹೇಬರು ಆ ದುಂಡನೆಯ ನಾಲ್ಕನೇ ಸುತ್ತಿನ ಗುರುತು ಹಿಡಿದು ಹೋಗುತ್ತಿದ್ದವರು ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಗಾಲಿಯ ಗುರುತಿನೊಳಗೆ ಟಿಟವಿಯ ಗೂಡು ಇತ್ತು. ಗೂಡು ಅಂದರೆ ಏನೂ ಇಲ್ಲ, ನಾಲ್ಕು ಹರಳು, ನಾಲ್ಕು ತತ್ತಿ. ಟಿಟವಿ ಬರೀ ನೆಲದ ಮೇಲೆ ತತ್ತಿ ಇಡುವ ಉದ್ದಕಾಲಿನ ಹಕ್ಕಿ, ತತ್ತಿಗೂ ಕಲ್ಲಿಗೂ ಭೇದ ಕಾಣುವುದಿಲ್ಲ. ಮೂರು ಒಡೆದಿದ್ದವು. ಹಕ್ಕಿ ತಲೆಯ ಮೇಲೆ ಕಿರುಚುತ್ತಾ ತಿರುಗುತ್ತಿತ್ತು. ಸಾಹೇಬರು ತಮ್ಮ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಇವನನ್ನು ಬಿಡುವುದಿಲ್ಲ," ಅಂದರು. ಅಲ್ಲಿಯೇ ಹೇಳಿಬಿಡಬೇಕಿತ್ತು. ಟೇಪು ಸುತ್ತಿ ಅವರ ಕೈಗೆ ಕೊಟ್ಟೆ.

ಮಧ್ಯಾಹ್ನಕ್ಕೆ ಪ್ಲಾಸ್ಟರಿನ ಚೀಲ ಬಂತು. ಸಾಹೇಬರ ಮುಖದಲ್ಲಿ ದುಃಖದ ಜೊತೆಗೆ ಒಂದು ಬೆಳಕೂ ಇತ್ತು, ಎಷ್ಟೋ ತಿಂಗಳಿಂದ ಕಾದಿದ್ದರಲ್ಲ. ಗಾಲಿಯ ಗುರುತಿನ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದರು. ಹಿಂದಿನ ಎಡಗಾಲಿಯ ಟಾಯರಿನಲ್ಲಿ ರಬ್ಬರಿನ ಒಂದು ತುಂಡು ಹಾರಿಹೋಗಿತ್ತು, ಅದು ಅಚ್ಚಿನಲ್ಲಿ ಮುರಿದ ಹಲ್ಲಿನಂತೆ ಸ್ಪಷ್ಟವಾಗಿ ಮೂಡಿತು. ಅದು ಎಂದು ಹಾರಿತೆಂದು ನನಗೆ ಗೊತ್ತಿತ್ತು. ಮಲ್ಲು ಅದಕ್ಕಾಗಿ ಅಂಗಡಿಯವನೊಡನೆ ಜಗಳ ಮಾಡಿದಾಗ ನಾನೂ ಜೊತೆಗಿದ್ದೆ.

ಅಚ್ಚನ್ನು ಸಾಹೇಬರ ಜೀಪಿಗೆ ಇಡುವಾಗ ನಾನು ಕೈ ಜಾರಿಸಿ ಕೆಡವಿದೆ. ಚೂರುಚೂರಾಯಿತು.

"ಚಿಂತೆ ಬೇಡ," ಸಾಹೇಬರು ಹೇಳಿದರು. "ಯಾವಾಗಲೂ ಆರು ತೆಗೆಯುತ್ತೇನೆ. ಅಲ್ಲಿ ಒಮ್ಮೆ ಒಂದು ಮಂಗ ಎತ್ತಿಕೊಂಡು ಹೋಗಿತ್ತು."

ತನಿಖೆಯ ಕೆಲಸ ನನಗೇ ಬಂತು. ಊರೂರಿನ ವಡಾಪ ಜೀಪುಗಳು ನನಗೆ ಗೊತ್ತಿದ್ದವಲ್ಲ. ಅಚ್ಚುಗಳನ್ನು ರೊಟ್ಟಿಯ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಮೂರು ದಿನ ಸಾಹೇಬರನ್ನು ಎಲ್ಲ ಕಡೆ ತಿರುಗಿಸಿದೆ, ನಮ್ಮ ಊರೊಂದನ್ನು ಬಿಟ್ಟು. ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ನಾವು ಒಂದೊಂದು ಗಾಲಿಗೂ ಅಚ್ಚು ಹಿಡಿದು ನೋಡುವಾಗ ಡ್ರೈವರುಗಳು ಸುತ್ತ ನೆರೆದರು.

"ಏನ್ ಭೀಮಶಾಣ್ಣಾ, ಗಾಡಿಗೆ ಚಪ್ಪಲಿ ಹೊಲಸ್ತೀರೇನ?"

"ನನ್ನ ಗಾಡೀದೂ ಅಳತಿ ತಗೋರಿ, ಮುಂದಿನ ಗಾಲಿ ಕಚ್ಚತೈತಿ."

ಸೋಮವಾರದ ಡ್ರೈವಿಂಗ್ ಪರೀಕ್ಷೆ ಎಲ್ಲರಿಗೂ ಮರೆತು ಹೋಗಿತ್ತು. ನಾಲ್ಕನೇ ದಿನ ಸಾಹೇಬರು ಹೇಳಿದರು, "ತಮ್ಮ ಊರೊಂದು ಉಳಿಯಿತು."

ಮಲ್ಲು ಅಂಗಳದಲ್ಲೇ ಜೀಪು ತೊಳೆಯುತ್ತಿದ್ದ. ಸಾಹೇಬರು ಹಿಂದಿನ ಎಡಗಾಲಿಗೆ ಅಚ್ಚು ಹಿಡಿದರು. ಬಾಯಿ ಬಾಯಿಗೆ ಕೂಡಿತು.

"ಕೋಣ್ ಚಾಲವತ್ ಹೋತಾ?" ಯಾರು ಓಡಿಸುತ್ತಿದ್ದರು ಎಂದು ಮರಾಠಿಯಲ್ಲಿ ಕೇಳಿದರು.

ಮಲ್ಲು ಅಚ್ಚನ್ನು ನೋಡಿದ. ನನ್ನನ್ನು ನೋಡಿದ. ನಾನು ಬಾವಿಯ ಕಡೆ ನೋಡಿದೆ.

"ಮೀಚ್ ಹೋತೋ," ಅಂದ. ನಾನೇ ಇದ್ದೆ.

"ಇನ್ನೊಬ್ಬ ಯಾರು? ಇಬ್ಬರ ಕೈ ಇದೆ ಇದರಲ್ಲಿ."

"ಇಲ್ರಿ ಸಾಹೇಬ್ರ, ನಾನೊಬ್ಬನ. ಮೊದಲ ಮೂರು ನಿದ್ದಿಗಣ್ಣಾಗ ಹಾಕೀನ್ರಿ. ನಾಲ್ಕನೇದಕ್ಕ ಎಚ್ಚರಾತು."

ಸಾಹೇಬರು ಅದನ್ನು ಬರೆದುಕೊಂಡರು. ಕಾಗದವೆಲ್ಲ ಮರಾಠಿಯಲ್ಲಿ, ಕೆಳಗೆ ತನಿಖೆಗಾರನ ಸಹಿ ನಾನು ಕನ್ನಡದಲ್ಲಿ ಮಾಡಿದೆ. ಆ ಫೈಲಿನಲ್ಲಿದ್ದ ಕನ್ನಡ ಅದೊಂದೇ, ಅದೂ ಸುಳ್ಳು.

ಜೀಪು ಜಪ್ತಾಯಿತು. ಎಂಟು ತಿಂಗಳು ನಮ್ಮ ಆಫೀಸಿನ ಹಿತ್ತಲಲ್ಲಿ ನಿಂತಿತ್ತು. ಡ್ರೈವರ್ ಸಾಹೇಬನಾಗಿದ್ದ ಮಲ್ಲು ಮಂದ್ರೂಪದ ಕಡೆ ಮಂದಿಯ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋದ. ಅವ್ವ ಸಂತೆಗೆ ನಡೆದುಕೊಂಡು ಹೋಗತೊಡಗಿದಳು. "ಆರೋಗ್ಯಕ್ಕ ಚಲೋ," ಎಂದು ಅವಳು ಈಗ ಹೇಳುತ್ತಿರಲಿಲ್ಲ. ಮಲ್ಲು ಒಂದು ದಿನವೂ ನನಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಾನು ಪ್ರತಿ ಐತವಾರ ಹೋಗಿ ಆ ಜೀಪು ತೊಳೆಯುತ್ತಿದ್ದೆ. ಒಂದು ಕೋಳಿ ಹಿಂದಿನ ಸೀಟಿನಲ್ಲಿ ತತ್ತಿ ಇಡತೊಡಗಿದಾಗ ಅದಕ್ಕೆ ಬೇರೆ ಬುಟ್ಟಿ ಮಾಡಿಕೊಟ್ಟೆ, ತತ್ತಿಯ ವಿಷಯದಲ್ಲಿ ಇನ್ನೊಂದು ಪಾಪ ಬೇಡವೆಂದು. ನಮ್ಮ ಆಫೀಸಿನ ಇತಿಹಾಸದಲ್ಲಿ ಅಷ್ಟು ಸ್ವಚ್ಛ ಜಪ್ತಿ ಗಾಡಿ ಇರಲಿಲ್ಲ. ಸಾಹೇಬರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. "ತಮ್ಮನೆಂದು ನೋಡದೆ ಹಿಡಿದುಕೊಟ್ಟ, ಸರಕಾರಿ ತಾಬೆಯ ಮಾಲೆಂದು ಮಗುವಿನಂತೆ ನೋಡಿಕೊಂಡ," ಎಂದು ಒಂದು ಪ್ರಶಸ್ತಿ ಪತ್ರವನ್ನೂ ಬರೆದುಕೊಟ್ಟರು. ಅದನ್ನು ಹೆಂಡತಿ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾಳೆ. ನಾನು ಉಣ್ಣುವಾಗ ಅದಕ್ಕೆ ಬೆನ್ನು ಮಾಡಿ ಕೂಡುತ್ತೇನೆ.

ಮಂಜೂರಾದ ಹೊಸ ವಾಹನವೂ ಬಂತು. ಸಾಯಕಲ್ಲು.

ಅದರ ನಂತರ ನನ್ನ ಕೆಲಸದ ರೀತಿ ಬದಲಾಯಿತು. ಮಾಳದೊಳಗೆ ಗಾಡಿ ತಂದವರಿಗೆ ನಾನು ಬೈಯುವುದು ಬಿಟ್ಟೆ, ಕೈಗೆ ಸಲಿಕೆ ಕೊಡತೊಡಗಿದೆ. ತನ್ನ ಗಾಲಿಯ ಗುರುತನ್ನು ತಾನೇ ಮುಚ್ಚಿ, ಮೇಲೆ ಹುಲ್ಲು ಹರಡಿ ಹೋಗಬೇಕು. ಯಾವ ಕಾಯಿದೆಯಲ್ಲೂ ಇದು ಇಲ್ಲ, ಆದರೆ ಯಾರೂ ಎರಡನೇ ಸಲ ಬರುತ್ತಿರಲಿಲ್ಲ. ಇತ್ತೀಚೆಗೆ ಸೊಲ್ಲಾಪುರದ ಒಬ್ಬ ಬಟ್ಟೆ ವ್ಯಾಪಾರಿಯ ಮಗ ದೊಡ್ಡ ದೊಡ್ಡ ಗಾಲಿಯ ಜೀಪು ತಂದು, ಫೋನು ಕಟ್ಟಿಕೊಂಡು ತನ್ನ ವಿಡಿಯೋ ತಾನೇ ತೆಗೆಯುತ್ತಾ, ಎರಿ ಮಣ್ಣಿನಲ್ಲಿ ಗಾಲಿ ಮುಳುಗುವ ತನಕ ಹೂತುಕೊಂಡ. ಹೊರಗೆ ತೆಗೆದ ಮೇಲೆ ಸಲಿಕೆ ಕೊಟ್ಟೆ. ಎರಡು ತಾಸಿನ ನಂತರ ಅವನ ತಾಯಿ ಕಾರಿನಲ್ಲಿ ಬಂದಳು, ಕೈಯಲ್ಲಿ ಡಬ್ಬಿ.

"ಮಾಮಾ, ನಮ್ಮ ಹುಡುಗ ಮನ್ಯಾಗ ನೀರಿನ ಗ್ಲಾಸೂ ಎತ್ತಂಗಿಲ್ರಿ," ಅಂದಳು.

ಅವಳು ಮಗನ ಪರವಾಗಿ ಜಗಳಕ್ಕೆ ಬಂದಳೆಂದು ನಾನು ಹೆದರಿದೆ. ಅವಳು ಫೋನು ತೆಗೆದು ಮಗ ಮಣ್ಣು ಎತ್ತುವುದನ್ನು ವಿಡಿಯೋ ಮಾಡಿ ಗಂಡನಿಗೆ ಕಳಿಸಿ, "ಇನ್ನೂ ಸ್ವಲ್ಪ ಮಾಡಸ್ರಿ, ಅವರಪ್ಪ ನಂಬಂಗಿಲ್ಲ," ಅಂದಳು.

ಸಲಿಕೆ ಕೊಡುವಾಗಲೆಲ್ಲ ನನಗೆ ನನ್ನ ಸುತ್ತುಗಳ ನೆನಪು. ಅವನ್ನು ಯಾರೂ ಮುಚ್ಚಲಿಲ್ಲ. ಕುರಿಗಾರರು ಅದಕ್ಕೆ ಚಕ್ಕುಲಿ ಮಾಳ ಅಂದರು, ಹುಲ್ಲು ತಿರುಗಿ ಬಂದರೂ ಹೆಸರು ಉಳಿಯಿತು. ಇಷ್ಟು ವರ್ಷ ಮಲ್ಲು ಹುರಡಾದ ಕಾಲದಲ್ಲಿ, ಅಂದರೆ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಕಾಲ, ನಾವು ಸೀತನಿ ಅನ್ನುತ್ತೇವೆ, ಒಂದು ಚೀಲ ತೆನೆ ತಪ್ಪದೆ ನನ್ನ ಮನೆಗೆ ತಂದು ಹಾಕುತ್ತಾನೆ. ನನ್ನ ಕೈಯಿಂದ ಕೆಟ್ಟವನು ನನಗೇ ತಂದುಕೊಡುತ್ತಾನೆ.

ಇಲ್ಲಿಯ ತನಕ ಹೋದ ವಾರ ಬರೆದು ಮುಗಿಸಿದ್ದೆ. ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ನಿನ್ನೆ ಕಟ್ಟೆಯ ಮೇಲೆ ಕೂತು ತಿದ್ದುತ್ತಿದ್ದಾಗ ಮಲ್ಲು ಬಂದು ಪಕ್ಕದಲ್ಲಿ ಕೂತ.

"ಏನ್ ಬರ್ಯಾಕತ್ತೀ ಅಣ್ಣಾ? ಇಷ್ಟು ಬರದೀ ಅಂದ್ರ ಯಾರ ಮ್ಯಾಲರೆ ಅರ್ಜಿ ಇರಬೇಕು."

"ನನ್ನ ಮ್ಯಾಲ," ಅಂದೆ.

"ಓದು ಮತ್ತ."

ಅವನು ಹಾಗೆ ಅಂದ ಮೇಲೆ ನನ್ನೊಳಗೆ ಏನೋ ಸೋತುಹೋಯಿತು. ಮೊದಲಿಂದ ಓದಿದೆ. ಗಂಗವ್ವ ಬಂದಾಗ ನಕ್ಕ. ಅಕ್ಷರ ಬಾರದ ಮಾತು ಬಂದಾಗ ತೊಡೆಗೆ ಗುದ್ದಿದ. ನಾನು ಕೀಲಿ ತೆಗೆದುಕೊಂಡದ್ದು, ಮೂರು ಸುತ್ತು, ಟೊಪ್ಪಿಗೆ, ಎಲ್ಲ ಓದಿದೆ. ಮುಖ ನೋಡಲಿಲ್ಲ. ಸಾಹೇಬರು ನಾಲ್ಕನೆಯವನನ್ನು ಉಸ್ತಾದ ಅಂದಲ್ಲಿಗೆ ಬಂದಾಗ ಅವನು ಕಾಗದದ ಮೇಲೆ ಕೈ ಇಟ್ಟ.

"ನಿಲ್ಲು ಅಣ್ಣಾ. ಅದು ನಂದು."

"ಯಾವದು?"

"ನಾಲ್ಕನೇದು. ಮಂಗಳವೇಢಿಂದ ಬಂದು ನೋಡ್ತೀನಿ, ಜೀಪಿನ ಗಾಲ್ಯಾಗ ಹುಲ್ಲು. ಸೀಟಿನ ಮ್ಯಾಲ ನಿನ್ನ ತಂಬಾಕಿನ ಚೀಲ. ಗುರುತು ಹಿಡದು ಮಾಳಕ್ಕ ಹೋದೆ. ಅಲ್ಲಿ ನಿನ್ನ ಟೊಪಿಗಿ ಬಿದ್ದಿತ್ತು. ಆ ಸುತ್ತು ನೋಡಿ ನಾಚಿಕಿ ಆತು. ಡ್ರೈವರನ ಅಣ್ಣ ಹಿಂಗ ಹೊಡಿತಾನಂದ್ರ ಮಂದಿ ಏನಂತಾರ? ನಾಳೆ ಕರಕೊಂಡು ಬಂದು ತೋರಸೂನು, ದುಂಡಗ ಅಂದ್ರ ಹಿಂಗಿರಬೇಕು ಅಂತ, ಒಂದು ಹಾಕಿದೆ."

ನಾನು ಕಾಗದ ತೊಡೆಯ ಮೇಲಿಟ್ಟೆ. "ಟೊಪಿಗಿ?"

"ಮನಿಗೆ ಒಯ್ದೆ. ಸಾಹೇಬಗ ಸಿಕ್ಕಿದ್ರ ನಿನ್ನ ನೌಕರಿ ಹೋಗ್ತಿತ್ತಲ್ಲ. ಜೀಪು ಬಿಡಿಸ್ಕೊಂಡು ಬಂದ ಮ್ಯಾಲ ಭಾಳ ದಿನ ಅದರಿಂದನ ಅದರ ಗಾಜು ಒರಸೀನಿ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲೋ?"

"ನಿನಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ. ಮೂರು ಹಾಕಿದಂವಗ ನಾಲ್ಕನೇದು ಯಾರದು ಅಂತ ತಿಳಿಯೂದಿಲ್ಲೇನು? ತಮ್ಮನ ತಪ್ಪು ಹೊಟ್ಟ್ಯಾಗ ಹಾಕ್ಕೊಂಡು, ಮ್ಯಾಲ ಐತವಾರಕ್ಕೊಮ್ಮೆ ಜೀಪ ಬ್ಯಾರೆ ತೊಳಿತಾನ ನಮ್ಮಣ್ಣ ಅಂತ... ಅದಕ್ಕ ವರ್ಷಾ ಸೀತನಿ ತರ್ತಿದ್ದೆ."

ಮೊದಲು ಅವನಿಗೆ ನಗು ಬಂತು, ನನಗೂ ಬಂತು. ಒಳಗಿಂದ ನನ್ನ ಹೆಂಡತಿ ಏನಾಯಿತೆಂದು ಇಣುಕಿ ನೋಡಿ ಹೋದಳು. ನಗು ಇಳಿದ ಮೇಲೆ ಮಲ್ಲು ಎರಡೂ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ನೆಲ ನೋಡುತ್ತಾ ಕೇಳಿದ.

"ಅಣ್ಣಾ, ಆ ಟಿಟವಿ ತತ್ತಿ ಒಡದ್ವು ಅಂತ ಅವತ್ತು ಸಾಹೇಬ್ರು ಅಂದಿದ್ರು. ಯಾವ ಸುತ್ತಿನಾಗ ಇದ್ವು? ಆವಾಗ ಕೇಳಾಕ ಧೈರ್ಯ ಆಗಲಿಲ್ಲ. ಇವತ್ತಿಗೂ ಆ ಹಕ್ಕಿ ಕೂಗಿದ್ರ ನನಗ ಊಟ ಸೇರೂದಿಲ್ಲ."

ನಾನು ಓದಲು ನಿಲ್ಲಿಸಿದ್ದ ಜಾಗದ ಕೆಳಗೇ ಅದು ಇತ್ತು. ಸಾಲಿನ ಕೆಳಗೆ ಬೆರಳಿಟ್ಟೆ, ಸಾಲಿಯಲ್ಲಿ ಮಾಸ್ತರ ಮುಂದೆ ಓದುತ್ತಿದ್ದ ಹಾಗೆ ಬಿಡಿಸಿ ಬಿಡಿಸಿ ಓದಿದೆ: "ಸಾಹೇಬರು ಮೂರನೇ ಸುತ್ತಿನ ಗುರುತು ಹಿಡಿದು ಹೋಗುತ್ತಿದ್ದವರು ಕುಕ್ಕರಗಾಲಿನಲ್ಲಿ ಕೂತುಬಿಟ್ಟರು."

ಅವನು ಬೆರಳನ್ನೇ ನೋಡುತ್ತಿದ್ದ. "ಮೂರನೇದಾ?"

"ಮೂರನೇದು. ಇಲ್ಲೇ ಬರದೀನಲ್ಲ, ನೋಡು."

ಬಗ್ಗಿ ನೋಡಿದ. ಆಮೇಲೆ ಉದ್ದ ಉಸಿರು ಬಿಟ್ಟು, ನೆಟ್ಟಗೆ ಕೂತು, ನನ್ನ ಬೆನ್ನಿಗೆ ಒಂದು ಗುದ್ದಿದ.

"ಕುಡದಂವ ಅಂದಿದ್ರಲ್ಲ ಸಾಹೇಬ್ರು, ಖರೇನ ಅಂದಾರ. ಬರೂ ವರ್ಷದಿಂದ ಸೀತನಿ ನೀನು ತಂದು ಹಾಕಬೇಕು."

"ತರ್ತೀನಿ," ಅಂದೆ.

ಹೊಸ ಹುಡುಗರೇ, ನಿಮ್ಮ ಫೋನಿನಿಂದ ಗಂಗವ್ವನನ್ನು ತೆಗೆದುಹಾಕಿರಿ. ಗೂಡು ಯಾವ ಸುತ್ತಿನಲ್ಲಿತ್ತು ಎಂಬುದನ್ನು ನೀವು ಮೇಲೆ ಓದಿದ್ದೀರಿ. ಈಗ ಕಾಗದದ ಮೇಲೆ ಫೋನು ಹಿಡಿದರೆ ಅದು ಓದಿ ಹೇಳುತ್ತದಂತೆ. ಮಲ್ಲು ಈ ಕಾಗದ ತಂದು ಫೋನು ಹಿಡಿಯಿರಿ ಅಂದರೆ, ಚಾರ್ಜ್ ಇಲ್ಲ ಅನ್ನಿರಿ.